ಅಜ್ಜಮಾಡ ದೇವಯ್ಯ: ಇಪ್ಪತ್ಮೂರು ವರ್ಷ ತಡವಾದ ಮನ್ನಣೆ

ಯುದ್ಧವಿಮಾನದ ಪೈಲಟ್ ‘ಶತ್ರುವಿಮಾನ ಉರುಳಿಸಿದೆ’ ಎಂದರೆ ಅದನ್ನು ಒಪ್ಪುವುದು ಹೇಗೆ? ಅವನ ಮಾತು, ಜೊತೆಗಾರರ ಮಾತು, ಗನ್ ಕ್ಯಾಮೆರಾದ ಚಿತ್ರ ಎಲ್ಲವೂ ಬೇಕು. ಆದರೆ ಎಲ್ಲಕ್ಕಿಂತ ಗಟ್ಟಿ ಸಾಕ್ಷ್ಯ ಎದುರಾಳಿಯ ನಷ್ಟದ ಲೆಕ್ಕ.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರಿಗೆ ಹೇಳಲು ಬಾಯಿಯೇ ಉಳಿದಿರಲಿಲ್ಲ. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ಯುದ್ಧವಿಮಾನದಲ್ಲಿ ಹೋದವರು ಮರಳಲಿಲ್ಲ. ಅವರಿಗೆ ಏನಾಯಿತೆಂದು ಭಾರತದಲ್ಲಿ ಯಾರಿಗೂ ಗೊತ್ತಾಗಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯಿಂದ ಬರೆದ ಪುಸ್ತಕ ಬಂತು. ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಪೈಲಟ್‌ನ ಸ್ಟಾರ್‌ಫೈಟರ್ ವಿಮಾನ ಅಂದು ಒಂದು ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ಬಿತ್ತು ಎಂಬ ವಿವರ ಅದರಲ್ಲಿತ್ತು. ಶಬ್ದದ ಎರಡು ಪಟ್ಟು ವೇಗದ ವಿಮಾನವನ್ನು ಎಷ್ಟೋ ನಿಧಾನದ ಮಿಸ್ಟೇರ್ ಉರುಳಿಸಿತ್ತು! ವಿವರಗಳನ್ನು ತಾಳೆ ನೋಡಿದಾಗ ಆ ಮಿಸ್ಟೇರ್‌ನ ಪೈಲಟ್ ದೇವಯ್ಯನವರೇ ಎಂದು ತಿಳಿಯಿತು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು.

ಅದೇ ದಿನ, ಅದೇ ಸರ್ಗೋಧಾ ಸುತ್ತಲಿನ ಆಕಾಶದಲ್ಲಿ ಪಾಕಿಸ್ತಾನದ ಪೈಲಟ್ ಎಂ.ಎಂ. ಆಲಂ ಭಾರತದ ಐದು ಹಂಟರ್ ವಿಮಾನ‌ಗಳನ್ನು ಕೆಡವಿದ್ದಾಗಿ ಹೇಳಿಕೊಂಡರು. ಭಾರತದ ನಷ್ಟದ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ವಿವಾದ ಇನ್ನೂ ನಿಂತಿಲ್ಲ. ನಮ್ಮವರ ಹೇಳಿಕೆಗಳಿಗೂ ಎದುರಾಳಿಯ ನಷ್ಟದ ಲೆಕ್ಕದ ಒರೆಗಲ್ಲೇ ಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ಒರೆಗೆ ಹಳೆಯ ದಾಖಲೆಗಳು ಉಳಿದಿರಬೇಕು. ಹಾಗಾಗಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಗೆಳೆಯರೇ, ನಿಮ್ಮ ಮನೆಯ ಹಿರಿಯರು ಸೇನೆಯಲ್ಲಿದ್ದರೆ ಅವರ ಲಾಗ್‌ಬುಕ್, ಪತ್ರ, ಫೋಟೊಗಳನ್ನು ರದ್ದಿಗೆ ಹಾಕಬೇಡಿ. ಸ್ಕ್ಯಾನ್ ಮಾಡಿಸಿ, ಫೋಟೊಗಳ ಹಿಂಬದಿಯಲ್ಲಿ ಹೆಸರು, ಇಸವಿ ಬರೆದಿಡಿ.