ಗೋಡೆಯ ಬುಡ

ಗೋಡೆಗೂ ಉಸಿರುಂಟೆಂದರೆ ನಗುವವರೇ ಹೆಚ್ಚು. ಆದರೆ 1898ರ ಪ್ಲೇಗಿನ ಅನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಇಟ್ಟಿಗೆಯೂ ಸುಣ್ಣದ ಗಾರೆಯೂ ತಾವು ಹೀರಿದ ತೇವವನ್ನು ಗಾಳಿಗೆ ಬಿಟ್ಟುಕೊಟ್ಟೇ ಬಾಳುತ್ತವೆ. ಹಿರಿಯರು ಅಕ್ಕರೆಯಿಂದ ಗೋಡೆಯ ಬುಡಕ್ಕೆ ಹಾಕಿಸಿದ ಕಾಂಕ್ರೀಟು ಬಿರುಕುಬಿಟ್ಟು ಮನೆಯ ಕಡೆಗೇ ವಾಲಿತೆಂದರೆ, ಮಳೆಯ ನೀರನ್ನು ತಳಪಾಯಕ್ಕೇ ಉಣಿಸುತ್ತದೆ. ಅದರ ಮೇಲೆಯೇ ಹೊಸ ಚಪ್ಪಡಿ ಹಾಸುವುದು ಹುಣ್ಣಿಗೆ ರೇಷ್ಮೆ ಹೊದಿಸಿದಂತೆ. ನೆಲವೇರಿ, ಗೋಡೆಯಲ್ಲಿ ತೇವತಡೆಯ ಪದರವಿದ್ದರೆ ಅದೂ ಮುಚ್ಚಿಹೋದೀತು.

ಬಲ್ಲ ಮೇಸ್ತ್ರಿಯು ಮೊದಲು ಗೋಡೆಗುಂಟ ಸೀಳಿ ಕಾಂಕ್ರೀಟನ್ನು ಬೇರ್ಪಡಿಸಿ, ಹೊರ ಅಂಚಿನಿಂದ ಒಡೆಯುತ್ತ ಬರುತ್ತಾನೆ; ಹಾರೆಯನ್ನು ಗೋಡೆಗೆ ಆನಿಸಿ ಮೀಟುವುದಿಲ್ಲ. ಹೊಸ ಚಪ್ಪಡಿಯನ್ನು ಆ ಪದರಕ್ಕಿಂತ 6 ಅಂಗುಲ ಕೆಳಗೆ, ಹೊರಕ್ಕೆ ಇಳಿಜಾರಾಗಿ ಹಾಸುತ್ತಾನೆ.

ತಂದೆ ಹಾಕಿಸಿದ್ದನ್ನು ಒಡೆಸಲು ಮಗನ ಮನಸ್ಸು ಹಿಂಜರಿಯುವುದು ಸಹಜ. ಆದರೆ ತಂದೆ ಕಾಯಬಯಸಿದ್ದು ಕಾಂಕ್ರೀಟನ್ನಲ್ಲ, ಮನೆಯನ್ನು.