ಪೆಟ್ಟಿಗೆಯ ಮಳೆಗೆ ನಾನು ಹೊಣೆ

ಗೋಸುಂಬೆಗೆ ಬಟ್ಟಲಲ್ಲಿ ನೀರಿಟ್ಟರೆ ಅದು ಸಾಮಾನ್ಯವಾಗಿ ಆ ಕಡೆ ತಿರುಗಿಯೂ ನೋಡುವುದಿಲ್ಲ. ನಿಂತ ನೀರು ಅದರ ಲೆಕ್ಕದಲ್ಲಿ ನೀರೇ ಅಲ್ಲ. ಎಲೆಯ ಮೇಲೆ ಹನಿ ಕೂತಿರಬೇಕು, ಆ ಹನಿ ಬೆಳಕಿಗೆ ಮಿನುಗಬೇಕು. ಆಗ ಹತ್ತಿರ ಸರಿದು, ನಿಧಾನವಾಗಿ ಬಾಯಿ ತೆರೆದು, ಒಂದೊಂದೇ ಹನಿ ನೆಕ್ಕುತ್ತದೆ. ಮಡಗಾಸ್ಕರ್ ದ್ವೀಪದ ಉತ್ತರ ಮತ್ತು ಪೂರ್ವ ಕರಾವಳಿಯಲ್ಲಿ ಬದುಕುವ ಪ್ಯಾಂಥರ್ ಗೋಸುಂಬೆಗೆ ಈ ಹನಿಗಳನ್ನು ಅಲ್ಲಿನ ಮಳೆ, ಇಬ್ಬನಿಗಳೇ ಒದಗಿಸುತ್ತವೆ. ಆ ಜಾತಿಯ ಗಂಡೊಂದು ನನ್ನ ಮನೆಯಲ್ಲಿದೆ. ನಾನಿರುವುದು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ, ಸೊನೋರಾ ಮರುಭೂಮಿಯ ನಡುವೆ. 2023ರ ಬೇಸಿಗೆಯಲ್ಲಿ ಇಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಇಂಥ ಊರಲ್ಲಿ ಆ ಜೀವಕ್ಕೆ ಮಳೆ ಕೊಡುವವನು ನಾನೊಬ್ಬನೇ. ಈ ಮಾತಿನ ಭಾರ ನನಗೆ ತಟ್ಟಿದ್ದು ಪೈಪಿನ ಜಾಯಿಂಟೊಂದು ಸೋರಲು ಶುರುವಾದ ಮೇಲೆ.

ಮಳೆ ಬರಿಸುವ ಸಲಕರಣೆ ದೊಡ್ಡದೇನಲ್ಲ. ಪಂಜರದ ಕೆಳಗೆ ನೀರಿನ ಡಬ್ಬ, ಪಕ್ಕದಲ್ಲಿ ಮುಷ್ಟಿಗಾತ್ರದ ಪಂಪು, ಗೋಡೆಗೊಂದು ಟೈಮರ್. ಅಲ್ಲಿಂದ ಕಾಲು ಇಂಚಿನ ಪ್ಲಾಸ್ಟಿಕ್ ಪೈಪು ಮೇಲೇರಿ, ಒಂದು ಟಿ ಜಾಯಿಂಟಿನಲ್ಲಿ ಎರಡಾಗಿ ಕವಲೊಡೆದು, ಎರಡು ನಾಜಲ್‌ಗಳಲ್ಲಿ ಮುಗಿಯುತ್ತದೆ. ಬೆಂಗಳೂರಿನ ಯಾವುದೇ ಅಡುಗೆಮನೆಯ ಆರ್‌ಓ ಫಿಲ್ಟರ್ ಬಿಚ್ಚಿ ನೋಡಿ, ಇದೇ ಬಗೆಯ ಪಂಪು, ಇದೇ ಬಿಳಿ ಪೈಪು, ಒತ್ತಿದರೆ ಕೂರುವ ಇದೇ ಫಿಟ್ಟಿಂಗ್‌ಗಳು ಕಾಣುತ್ತವೆ. ನಾಜಲ್‌ನ ತೂತು ಕೂದಲೆಳೆಯಷ್ಟು ಸಣ್ಣದು. ಅದರೊಳಗಿಂದ ನೀರು ಮಂಜಾಗಿ ಹೊರಬರಬೇಕಾದರೆ ಪೈಪಿನೊಳಗೆ ಕಾರಿನ ಟೈರಿನ ಮೂರು ಪಟ್ಟು ಒತ್ತಡ ಬೇಕು. ಒಂದು ಜಾಯಿಂಟು ಸಡಿಲವಾದರೆ ಒತ್ತಡ ಇಳಿಯುತ್ತದೆ. ಮಂಜಾಗಿ ಹರಡಬೇಕಾದ ನೀರು ದಪ್ಪ ಹನಿಗಳಾಗಿ ಒಂದೇ ಕಡೆ ಸುರಿಯುತ್ತದೆ. ದೂರದ ಎಲೆಗಳು ಒಣಗಿಯೇ ಉಳಿಯುತ್ತವೆ.

ನನ್ನಣ್ಣ ಕೋಲಾರದ ಹತ್ತಿರ ಟೊಮೆಟೊ ಬೆಳೆಯುತ್ತಾನೆ. ಡ್ರಿಪ್ ಪೈಪುಗಳ ಜೊತೆ ಅವನದು ದಿನವಿಡೀ ಒಡನಾಟ. ಅಳಿಲು ಕಚ್ಚಿದ ಲ್ಯಾಟರಲ್ ಪೈಪು, ಬಿಸಿಲಿಗೆ ಒಣಗಿ ಬಿರಿದ ರಬ್ಬರ್, ಉಪ್ಪು ಕಟ್ಟಿದ ಡ್ರಿಪ್ಪರ್ ಎಲ್ಲ ಅವನ ಕೈಗೆ ಚೆನ್ನಾಗಿ ಗೊತ್ತು. ವಿಡಿಯೋ ಕಾಲ್‌ನಲ್ಲಿ ನನ್ನ ಪಂಜರ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, “ನೀರು ಎಲ್ಲಿ ಬೀಳ್ತೈತೆ ಅಂತ ನೋಡ್ಬೇಡ ಕಣೋ, ಎಲ್ಲಿಂದ ಹೊರಡ್ತೈತೆ ಅದ್ನ ನೋಡು” ಅಂದ.

ಅವನ ಮಾತು ಇಲ್ಲಿಗೂ ಸರಿಹೊಂದಿತು. ಸೋರುವ ನೀರು ಪೈಪಿನ ಮೈಗಂಟಿಕೊಂಡೇ ಹರಿದು ತಗ್ಗಿನ ತಿರುವಿನಲ್ಲಿ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಜಾಗಕ್ಕೂ ಸೋರುವ ಜಾಗಕ್ಕೂ ಮೊಳದಷ್ಟು ದೂರ ಇರಬಹುದು. ಎಲ್ಲವನ್ನೂ ಬಟ್ಟೆಯಿಂದ ಒರೆಸಿ, ಒಂದೊಂದು ಜಾಯಿಂಟಿಗೂ ಟಿಶ್ಯೂ ಕಾಗದ ಸುತ್ತಿ ಪಂಪು ಓಡಿಸಿದೆ. ಟಿ ಜಾಯಿಂಟಿನ ಎಡಗೈಯ ಕಾಗದ ಮಾತ್ರ ಒದ್ದೆಯಾಗಿ ಕಪ್ಪಿಟ್ಟಿತು.

ಈ ಫಿಟ್ಟಿಂಗಿನ ಒಳಗೆ ಎರಡು ಕೆಲಸಗಾರರಿದ್ದಾರೆ. ಬಾಯಲ್ಲೊಂದು ಪ್ಲಾಸ್ಟಿಕ್ ಉಂಗುರ, ಅದರ ಸ್ಟೀಲ್ ಹಲ್ಲುಗಳು ಪೈಪನ್ನು ಕಚ್ಚಿ ಹಿಡಿಯುತ್ತವೆ. ಅದರಾಚೆ ಒಂದು ರಬ್ಬರ್ ಓ-ರಿಂಗ್, ನೀರನ್ನು ತಡೆಯುವುದು ಅದು. ಪೈಪು ಹಲ್ಲುಗಳನ್ನು ದಾಟಿ ಓ-ರಿಂಗನ್ನು ದಾಟದೆ ನಿಂತರೆ ಕೈಗೆ ಗಟ್ಟಿಯಾಗಿಯೇ ಕೂತಂತೆ ಕಾಣುತ್ತದೆ, ನೀರು ಮಾತ್ರ ಸೋರುತ್ತದೆ. ಕತ್ತರಿಯಲ್ಲಿ ಕತ್ತರಿಸಿದರೆ ಪೈಪು ಚಪ್ಪಟೆಯಾಗಿ ದುಂಡಗಿನ ರಬ್ಬರಿಗೆ ಸರಿಯಾಗಿ ತಾಗುವುದಿಲ್ಲ. ಕಾಲು ಇಂಚೆಂದರೆ 6.35 ಮಿಲಿಮೀಟರ್. 6 ಮಿಲಿಮೀಟರ್ ಪೈಪು ಅದರೊಳಗೆ ಹೋಗುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ನನ್ನ ಪೈಪಿನಲ್ಲಿ ಇದ್ದ ತೊಂದರೆ ಬಾಗು. ಸುರುಳಿಯಾಗಿ ಬಂದ ಪೈಪು ಆ ಬಾಗನ್ನು ಬಿಟ್ಟಿರಲಿಲ್ಲ. ಜಾಯಿಂಟಿನ ಬಾಯಲ್ಲೇ ಒಂದು ಮಗ್ಗುಲಿಗೆ ಎಳೆಯುತ್ತಿತ್ತು. ರಬ್ಬರ್ ಒಂದು ಕಡೆ ಒತ್ತಿಕೊಂಡು ಇನ್ನೊಂದು ಕಡೆ ಬಿಟ್ಟುಕೊಟ್ಟಿತ್ತು.

ಪಂಪಿನ ಪ್ಲಗ್ ತೆಗೆದು, ಪೈಪಿನ ಒತ್ತಡ ಇಳಿಸಿ, ಉಂಗುರವನ್ನು ಒಳಗೊತ್ತಿ ಹಿಡಿದು ಪೈಪನ್ನು ಎಳೆದೆ. ತುದಿಯಲ್ಲಿ ಹಲ್ಲು ಕಚ್ಚಿದ ಗೀರುಗಳು ಬಳೆಯ ಹಾಗೆ ಸುತ್ತಿಕೊಂಡಿದ್ದವು. ಗೀರಿನ ಮೇಲೆ ಓ-ರಿಂಗ್ ಕೂತರೆ ಅದೇ ದಾರಿಯಲ್ಲಿ ನೀರು ಹೊರಬರುತ್ತದೆ. ಅಷ್ಟನ್ನೂ ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ತೆಗೆದೆ. ಹೊಸ ತುದಿಯನ್ನು ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಿ, ಆರುವವರೆಗೂ ಹಾಗೇ ಹಿಡಿದಿದ್ದೆ. ಒಳಗೆ ಎಷ್ಟು ಹೋಗಬೇಕೆಂದು ಪೆನ್ನಿನಿಂದ ಗುರುತು ಹಾಕಿ ಒತ್ತಿದೆ. ಮೊದಲು ಹಲ್ಲುಗಳ ತಡೆ ಸಿಗುತ್ತದೆ, ಮುಂದೆ ಒತ್ತಿದರೆ ರಬ್ಬರಿನ ಮೆತ್ತನೆಯ ತಡೆ, ಆಮೇಲೆ ಗಟ್ಟಿ ತಳ. ಗುರುತು ಉಂಗುರದ ಅಂಚಿಗೆ ಬಂದು ನಿಂತಿತು. ಹಿಂದಕ್ಕೆ ಜಗ್ಗಿ ನೋಡಿದೆ, ಅಲುಗಲಿಲ್ಲ. ಮತ್ತೆ ಟಿಶ್ಯೂ ಸುತ್ತಿ ಪಂಪು ಓಡಿಸಿದೆ. ಕಾಗದ ಒಣಗಿಯೇ ಇತ್ತು.

ಆ ಒಣ ಕಾಗದ ಕೈಯಲ್ಲಿ ಹಿಡಿದಾಗ ಎದೆ ತುಂಬಿ ಬಂದ ಸಂತೋಷವನ್ನೇ ನಾನಿಲ್ಲಿ ಪರೀಕ್ಷೆಗೆ ಒಡ್ಡಬೇಕಾಗಿದೆ. ಯಾಕೆಂದರೆ ಅಷ್ಟು ಹೊತ್ತೂ ನನ್ನ ಕಣ್ಣು ಪೈಪಿನ ಮೇಲಿತ್ತು. ಓ-ರಿಂಗಿಗೆ ಧೂಳು ಅಂಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ್ದೆ. ಒಂದಡಿ ದೂರದಲ್ಲಿ ಕೊಂಬೆ ಹಿಡಿದು ಕೂತಿದ್ದ ಜೀವದ ಕಡೆ ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಸಂತೋಷ ಬಂದದ್ದು ಅದು ನೀರು ಕುಡಿಯುವ ಮೊದಲೇ. ಅಂದರೆ ಆ ಸಂತೋಷಕ್ಕೆ ಅದರ ಬಾಯಾರಿಕೆ ತಣಿಯಬೇಕಾದ ಅಗತ್ಯವೇ ಇರಲಿಲ್ಲ. ಕೆಟ್ಟದ್ದು ನನ್ನ ಕೈಯಿಂದ ಸರಿಯಾಯಿತು, ಅಷ್ಟು ಸಾಕಾಗಿತ್ತು. ನನ್ನ ಉದ್ಯೋಗದಲ್ಲಿ ಮಾಡಿದ ಕೆಲಸ ಕಣ್ಣಿಗೆ ಕಾಣುವುದೇ ಅಪರೂಪ. ಇಲ್ಲಿ ಬ್ಲೇಡು ಹಿಡಿದ ಕೆಲವೇ ನಿಮಿಷಗಳಲ್ಲಿ ಫಲ ಸಿಗುತ್ತದೆ. ಜೊತೆಗೆ, ನಾನಿಲ್ಲದಿದ್ದರೆ ಇದು ಉಳಿಯುವುದಿಲ್ಲ ಎಂಬ ಅರಿವು ಮನಸ್ಸಿಗೆ ಒಂದು ಬಗೆಯ ಹಿತ ಕೊಡುತ್ತದೆ. ಆ ಹಿತವನ್ನು ಪ್ರೀತಿ ಎಂದು ಕರೆದುಕೊಳ್ಳುವುದು ಸುಲಭ.

ಗೋಸುಂಬೆಗೆ ನನ್ನ ಮೇಲೆ ಯಾವ ಅಕ್ಕರೆಯೂ ಇಲ್ಲ. ಅದನ್ನದು ಮುಚ್ಚಿಡುವುದೂ ಇಲ್ಲ. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಪ್ಯಾಂಥರ್ ಗೋಸುಂಬೆಯ ಬಣ್ಣದ ಗುಟ್ಟನ್ನು ಬಿಡಿಸಿ ತೋರಿಸಿದರು. ಚರ್ಮದ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳು ಜಾಲದಂತೆ ಜೋಡಿಸಿಕೊಂಡಿರುತ್ತವೆ. ನೆಮ್ಮದಿಯಲ್ಲಿದ್ದಾಗ ಹರಳುಗಳು ಹತ್ತಿರವಿದ್ದು ಮೈ ಹಸಿರಾಗಿರುತ್ತದೆ. ಇನ್ನೊಂದು ಗಂಡನ್ನು ಕಂಡು ಕೆರಳಿದಾಗ ಹರಳುಗಳ ನಡುವಿನ ಅಂತರ ಹೆಚ್ಚಿ ಹಳದಿ, ಕಿತ್ತಳೆ ಮೂಡುತ್ತದೆ. ಆ ಬಣ್ಣ ಅದರ ಆ ಹೊತ್ತಿನ ಸ್ಥಿತಿಯ ಸುದ್ದಿ. ನಾನು ಪಂಜರದೊಳಗೆ ಕೈ ಹಾಕಿದಾಗ ಅದರ ಮೈ ಕಡುಬಣ್ಣಕ್ಕೆ ತಿರುಗುತ್ತದೆ, ಪಕ್ಕೆ ಚಪ್ಪಟೆಯಾಗುತ್ತದೆ, ಒಂದು ಕಣ್ಣು ನನ್ನ ಮೇಲೆ ನೆಟ್ಟು ಇನ್ನೊಂದು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತದೆ. ನನ್ನ ಬಗ್ಗೆ ಅದರ ಅಭಿಪ್ರಾಯ ನನಗೆ ಹೀಗೆ ದಿನವೂ ತಿಳಿಯುತ್ತದೆ. ಅದನ್ನು ಓದಿಕೊಂಡೂ ನಾನು ನೋಯದೆ, ಅದರಿಂದ ಏನನ್ನೂ ಬಯಸದೆ ಇರಬಲ್ಲೆನೇ? ಇನ್ನೂ ಪೂರ್ತಿ ಆಗಿಲ್ಲ. ಅದು ಹಸಿರಾಗಿ ಉಳಿದ ದಿನ ನನ್ನೊಳಗೆ ಏನೋ ಉಬ್ಬುತ್ತದೆ.

ಅವತ್ತು ಅಣ್ಣ ಫೋನಿಡುವ ಮುಂಚೆ ಇನ್ನೊಂದು ಮಾತು ಕೇಳಿದ್ದ: “ಮಳೆ ಬೇಕಾಗಿರೋ ಜೀವಾನ ಮಳೆ ಇಲ್ದಿರೋ ಊರಲ್ಲಿ ಯಾಕಪ್ಪ ಇಟ್ಕೊಂಡಿದ್ದೀಯ?” ಅವನ ದನಿಯಲ್ಲಿ ಆಕ್ಷೇಪ ಇರಲಿಲ್ಲ, ತಿಳಿದುಕೊಳ್ಳುವ ಆಸೆ ಇತ್ತು. ಅವನಿರುವ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಬತ್ತಿದ್ದನ್ನು ಅವನು ಕಂಡಿದ್ದಾನೆ. 2018ರಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅಲ್ಲಿನ ಕೆರೆಗಳಿಗೆ ಬರುತ್ತಿದೆ. ನಾನು ಬಂದು ನೆಲೆಸಿದ ಊರಿನ ಕಥೆಯೂ ಬೇರೆಯಲ್ಲ. ಕೊಲೊರಾಡೋ ನದಿಯ ನೀರನ್ನು 336 ಮೈಲಿ ಉದ್ದದ ಕಾಲುವೆಯಲ್ಲಿ ಮರುಭೂಮಿ ದಾಟಿಸಿ ತರುತ್ತಾರೆ. 2021ರ ಆಗಸ್ಟಿನಲ್ಲಿ ಆ ನದಿಯ ನೀರಿಗೆ ಚರಿತ್ರೆಯಲ್ಲೇ ಮೊದಲ ಬಾರಿ ಅಧಿಕೃತವಾಗಿ ಕೊರತೆ ಘೋಷಣೆಯಾಯಿತು, ಅರಿಜೋನಾದ ಪಾಲಿಗೆ ಕತ್ತರಿ ಬಿತ್ತು. ಇಲ್ಲಿನ ಗಡಸು ನೀರು ನಾಜಲ್‌ನಲ್ಲಿ ಸುಣ್ಣ ಕಟ್ಟುತ್ತದೆಂದು ನಾನದನ್ನು ಆರ್‌ಓ ಮಾಡಿ ಡಬ್ಬಕ್ಕೆ ತುಂಬುತ್ತೇನೆ. ಫಿಲ್ಟರ್ ಹೊರಚೆಲ್ಲುವ ನೀರನ್ನು ನೆಲ ಒರೆಸಲು, ಗಿಡಕ್ಕೆ ಹಾಕಲು ಬಳಸುತ್ತೇನೆ. ನಾನು ಬಳಸುವ ನೀರು ಸ್ವಲ್ಪವೇ. ಆದರೆ ಅಣ್ಣ ಕೇಳಿದ್ದು ಎಷ್ಟು ಎಂದಲ್ಲ, ಯಾಕೆ ಎಂದು.

ಸಿದ್ಧ ಉತ್ತರಗಳು ನನ್ನ ಬಳಿ ಇದ್ದವು. ಇದು ಕಾಡಿಂದ ಹಿಡಿದು ತಂದದ್ದಲ್ಲ, ಇಲ್ಲೇ ಮೊಟ್ಟೆಯೊಡೆದು ಹುಟ್ಟಿದ್ದು. ಇದಕ್ಕೆ ಮರಳಿ ಹೋಗಲು ಕಾಡಿಲ್ಲ. ಹೊರಗೆ ಬಿಟ್ಟರೆ ಇಲ್ಲಿನ ಬಿಸಿಲಿಗೆ ಸಾಯುತ್ತದೆ. ಬದುಕಿ ಉಳಿಯುವ ಕಡೆಗಳಲ್ಲಿ ಇನ್ನೊಂದು ತೊಂದರೆ: ಸಾಕಿದವರಿಂದ ತಪ್ಪಿಸಿಕೊಂಡ ಅಥವಾ ಅವರೇ ಬಿಟ್ಟ ಯೆಮನ್ ಮೂಲದ ಗೋಸುಂಬೆಗಳು ಫ್ಲಾರಿಡಾದಲ್ಲಿ ಸಂಸಾರ ಕಟ್ಟಿಕೊಂಡಿವೆ. ಇವೆಲ್ಲ ನಿಜ. ಆದರೆ ಇವು ಈಗ ಯಾಕೆ ಬಿಡಬಾರದು ಎಂಬುದಕ್ಕೆ ಉತ್ತರ. ಮೊದಲು ಯಾಕೆ ತಂದೆ ಎಂಬುದಕ್ಕಲ್ಲ.

ಅದಕ್ಕೆ ಉತ್ತರ ಹುಡುಕಲು ಬಾಲ್ಯದ ತನಕ ಹೋಗಬೇಕಾಯಿತು. ನಮ್ಮ ಹೊಲದ ಬೇಲಿಯಲ್ಲಿ ಗೋಸುಂಬೆ ಕಾಣುತ್ತಿತ್ತು, ನಮ್ಮ ನಾಡಿನದೇ ಆದ ಹಸಿರು ಗೋಸುಂಬೆ. ಅದು ಅತ್ತಿತ್ತ ತೂಗಾಡುತ್ತ, ಗಾಳಿಗೆ ಅಲುಗುವ ಎಲೆಯಂತೆ ಹೆಜ್ಜೆ ಇಡುವುದನ್ನು ನೋಡುತ್ತ ನಿಂತರೆ ನನಗೆ ಹೊತ್ತು ಹೋಗಿದ್ದೇ ತಿಳಿಯುತ್ತಿರಲಿಲ್ಲ. ಕೊನೆಗೆ ಅದು ಪೊದೆಯೊಳಗೆ ಸೇರಿಕೊಳ್ಳುತ್ತಿತ್ತು. ಹುಡುಕಿದರೆ ಸಿಗುತ್ತಿರಲಿಲ್ಲ. ಆ ಜೀವವನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಅದು ಸರಿಯಾದ ಕಾನೂನು. ಅಮೆರಿಕದಲ್ಲಿ ಸಾಕಿ ಹುಟ್ಟಿಸಿದ ಪರದೇಶದ ಗೋಸುಂಬೆಯನ್ನು ದುಡ್ಡು ಕೊಟ್ಟು ತರಬಹುದೆಂದು ತಿಳಿದಾಗ ನಾನು ತಂದೆ. ನನಗೆ ಬೇಕಿದ್ದದ್ದು ಪೊದೆಯೊಳಗೆ ಮರೆಯಾಗದ ಗೋಸುಂಬೆ. ನಾನು ನೋಡಬೇಕೆಂದಾಗಲೆಲ್ಲ ಅಲ್ಲೇ ಇರುವ ಗೋಸುಂಬೆ. ಮರೆಯಾಗುವ ಹಕ್ಕನ್ನು ಅದರಿಂದ ಕಿತ್ತುಕೊಂಡು ಅದರ ಬದಲಿಗೆ ನಾನು ಮಳೆ ಕೊಡುತ್ತಿದ್ದೇನೆ. ಈ ಲೇವಾದೇವಿಯಲ್ಲಿ ಅದರ ಒಪ್ಪಿಗೆ ಇಲ್ಲ.

ಇಷ್ಟನ್ನು ಒಪ್ಪಿಕೊಂಡ ಮೇಲೆ ಮೊದಲು ಬದಲಾದದ್ದು ನಾನು ನೋಡುವ ಕ್ರಮ. ಸೋರಿಕೆಗಳಲ್ಲಿ ಎಲ್ಲವೂ ನೆಲ ಒದ್ದೆ ಮಾಡುವುದಿಲ್ಲ. ಡಬ್ಬದಿಂದ ಪಂಪಿಗೆ ಬರುವ ಪೈಪು ನೀರನ್ನು ಎಳೆದುಕೊಳ್ಳುವ ಕಡೆಯದು. ಅಲ್ಲಿನ ಜಾಯಿಂಟು ಸಡಿಲವಾದರೆ ಒಂದು ಹನಿಯೂ ಹೊರಗೆ ಬೀಳುವುದಿಲ್ಲ, ಹೊರಗಿನ ಗಾಳಿ ಒಳಗೆ ಸೇರುತ್ತದೆ. ಪಂಪು ಗೊರಗೊರ ಎನ್ನುತ್ತ ಓಡುತ್ತಲೇ ಇರುತ್ತದೆ, ಟೈಮರಿನ ದೀಪ ಹತ್ತಿ ಆರುತ್ತದೆ, ಮೇಲೆ ಮಾತ್ರ ಮಂಜಿಲ್ಲ. ಇಂಥ ಹೊತ್ತಿನಲ್ಲಿ ಒಣ ನೆಲ ನೋಡಿ ಎಲ್ಲ ಸರಿಯಿದೆ ಎಂದುಕೊಂಡರೆ ಪ್ರಾಣಿ ಬಾಯಾರುತ್ತದೆ. ಅದು ಕೂಗಿ ಹೇಳುವುದಿಲ್ಲ. ಹಿಕ್ಕೆಯ ಜೊತೆ ಬರುವ ಬಿಳಿಯ ಭಾಗ ಹಳದಿಗೋ ಕಿತ್ತಳೆಗೋ ತಿರುಗುತ್ತದೆ, ಕಣ್ಣಿನ ಗೋಪುರ ಒಳಗಿಳಿಯುತ್ತದೆ. ಇನ್ನೊಂದು ಕಡೆ, ಗಾಳಿಯಾಡದೆ ಸದಾ ಒದ್ದೆಯಾಗಿದ್ದರೂ ಉಸಿರಾಟದ ಸೋಂಕು ಹತ್ತುತ್ತದೆ. ಎಲೆಗಳು ನೆನೆಯಬೇಕು, ಮುಂದಿನ ಮಳೆಯ ಹೊತ್ತಿಗೆ ಒಣಗಲೂ ಬೇಕು.

ಹಾಗಾಗಿ ಈಗ ಬೆಳಿಗ್ಗೆ ಎದ್ದವನು ಮೊದಲು ಅದರ ಕಣ್ಣು ನೋಡುತ್ತೇನೆ, ಪಂಜರದ ತಳ ನೋಡುತ್ತೇನೆ, ಎಲೆಯ ಅಂಚು ಮುಟ್ಟಿ ನೋಡುತ್ತೇನೆ. ಪೈಪಿನ ಸರದಿ ಆಮೇಲೆ. ಪಂಜರದ ನಾನಿರುವ ಮಗ್ಗುಲಿಗೆ ದಟ್ಟ ಎಲೆಯ ಗಿಡಗಳನ್ನು ತಂದಿಟ್ಟೆ, ಅದಕ್ಕೆ ನನ್ನ ಕಣ್ಣಿಂದ ಮರೆಯಾಗುವ ಜಾಗ ಸಿಗಲೆಂದು. ಎಷ್ಟೋ ಸಂಜೆ ಅದು ನನಗೆ ಕಾಣುವುದಿಲ್ಲ. ಕಾಣದಿದ್ದಾಗ ಆಗುವ ನಿರಾಸೆಯನ್ನು ಸಹಿಸುವುದು ನನ್ನ ಪಾಲಿನ ಬಾಡಿಗೆ ಎಂದುಕೊಂಡಿದ್ದೇನೆ. ಪಂಪು ಕೈಕೊಟ್ಟರೆ ಇರಲೆಂದು ಕೈಯಿಂದ ಒತ್ತುವ ಸ್ಪ್ರೇ ಬಾಟಲಿ ತುಂಬಿಟ್ಟಿದ್ದೇನೆ. ಪಕ್ಕದ ಮನೆಯವರಿಗೆ ಜಾಯಿಂಟು ಬಿಚ್ಚುವುದು, ಪೈಪು ಕೂರಿಸುವುದು, ಹಿಕ್ಕೆಯ ಬಣ್ಣ ನೋಡುವುದು ಹೇಳಿಕೊಟ್ಟಿದ್ದೇನೆ. ನಾನಿಲ್ಲದಿದ್ದರೆ ಇದು ಉಳಿಯುವುದಿಲ್ಲ ಎಂಬ ಹಿತವನ್ನು ಬಿಟ್ಟುಕೊಡುವುದು ಪೈಪು ರಿಪೇರಿಗಿಂತ ಕಷ್ಟವಾಯಿತು. ಆದರೆ ನಾನು ಊರಲ್ಲಿಲ್ಲದ ದಿನವೂ ಅದಕ್ಕೆ ಹನಿ ಸಿಗುವಂತಿದ್ದರೆ ಮಾತ್ರ ಇದನ್ನು ಆರೈಕೆ ಎನ್ನಬಹುದು.

ಈ ಜಾತಿ ಪಂಜರದಲ್ಲಿ ಸಾಮಾನ್ಯವಾಗಿ ಐದರಿಂದ ಏಳು ವರ್ಷ ಬದುಕುತ್ತದೆ. ಅಷ್ಟು ಕಾಲವೂ ಇದರ ಮಳೆ ನನ್ನ ಹೊಣೆ, ಅದರಲ್ಲಿ ಎರಡು ಮಾತಿಲ್ಲ. ಇದರ ನಂತರ ಇನ್ನೊಂದನ್ನು ತರುವುದಿಲ್ಲ. ಮೊನ್ನೆ ಅಣ್ಣನಿಗೆ ಫೋನ್ ಮಾಡಿ, “ನನಗೆ ನೋಡ್ಬೇಕು ಅನ್ನಿಸ್ತಿತ್ತು ಅಣ್ಣ, ಅದಕ್ಕೇ ತಂದೆ” ಅಂತ ಹೇಳಿದೆ. “ತಂದಾಯ್ತಲ್ಲ, ಇನ್ನ ಅದು ಇರೋಗಂಟ ಚೆನ್ನಾಗಿ ನೋಡ್ಕೊ” ಅಂದ. ನೋಡುವುದಕ್ಕೆಂದು ತಂದ ಜೀವವನ್ನು ನೋಡಿಕೊಳ್ಳುವುದಕ್ಕೆ ಕಲಿಯುತ್ತಿದ್ದೇನೆ. ಅದು ಚೆನ್ನಾಗಿದೆಯೋ ಇಲ್ಲವೋ ಎಂಬ ತೀರ್ಮಾನ ನನ್ನ ಮನಸ್ಸಿನ ತೃಪ್ತಿಯದಲ್ಲ, ಅದರ ಮೈಬಣ್ಣದ್ದು.