ಅಟ್ಟದ ಮೇಲೊಂದು ಮೇಣದಬತ್ತಿ

ಏಣಿಯ ಏಳನೇ ಮೆಟ್ಟಿಲಿಗೆ ತಲೆ ಅಟ್ಟದ ಕಿಂಡಿಯೊಳಗೆ ತೂರುತ್ತದೆ. ಹುರಿಗಡಲೆ ಬಾಣಲೆಯ ಮೇಲೆ ಬಗ್ಗಿದಂತೆ ಮುಖಕ್ಕೆ ಝಳ. ಹಳೇ ಕೆಂಗೇರಿಯ ನಮ್ಮ ಹೆಂಚಿನ ಮನೆ, ಏಪ್ರಿಲ್ ಮಧ್ಯಾಹ್ನ ಎರಡು ಗಂಟೆ. ಗಾಜಿನ ಹೆಂಚಿನಿಂದ ಇಳಿದ ಬಿಸಿಲಕೋಲಿನಲ್ಲಿ ಧೂಳು ಏಳುತ್ತಿದೆ. ಕರೆಂಟು ಹೋದಾಗ ಬೇಕಾದೀತೆಂದು ಎಂದೋ ಎತ್ತಿಟ್ಟ ಮೇಣದಬತ್ತಿ ಎದುರಿಗೇ ಇದೆ, ಬಾಳೆಕಾಯಿಯ ಹಾಗೆ ಬಾಗಿ.

"ನೋಡಿದ್ಯಾ? ಅಲ್ಲಿ ನನ್ನ ಗೊಂಬೆ ಇಡ್ತೀಯಂತೆ!" ಕೆಳಗಿನಿಂದ ಅಮ್ಮ. ಪಟ್ಟದ ರಾಜ ರಾಣಿ ಸಮೇತ ದಸರಾ ಗೊಂಬೆಗಳ ಪೆಟ್ಟಿಗೆ ಅಮ್ಮನ ಮಂಚದ ಕೆಳಗೇ ಉಳಿದಿದೆ.

ಬಡಗಿ ಆಚಾರ್ರು ಆಗಲೇ ಒಳಗೆ ನುಸುಳಿ ತೊಲೆಯಿಂದ ತೊಲೆಗೆ ಕಾಲಿಡುತ್ತಿದ್ದಾರೆ. "ಹಲಗೆ ಮೇಲೆ ಮೆಟ್ಟಬೇಡಿ ಸಾರ್, ನೇರ ಅಡುಗೆಮನೆಗೆ ಇಳೀತೀರ." ಸುತ್ತಿಗೆಯ ಹಿಡಿಯಿಂದ ಒಂದೊಂದೇ ತೊಲೆ ತಟ್ಟುತ್ತಾರೆ. ಟಣ್. ಟಣ್. ಬೊದ್. ಅಲ್ಲಿ ಗೆದ್ದಲು. ಅದರ ಮಗ್ಗುಲಿಗೆ ಹೊಸ ಮರ ಕೊಟ್ಟ ಮೇಲೆಯೇ ಮುಂದಿನ ಮಾತು.

ನಾನು ಮೊಬೈಲಿನಲ್ಲಿ ಹೊರದೇಶದ ವಿಡಿಯೊ ತೋರಿಸುತ್ತೇನೆ: ತೊಲೆಗಳ ನಡುವೆ ಹತ್ತಿಯಂಥದ್ದನ್ನು ತುಂಬಿ, ಮೇಲೆ ಹಲಗೆ ಹೊಡೆಯುತ್ತಿದ್ದಾರೆ. ಆಚಾರ್ರು ನಗುತ್ತಾರೆ. "ಅವರಿಗೆ ಕೆಳಗಿನ ಬಿಸಿ ಮೇಲೆ ಹೋಗಬಾರದು. ನಮಗೆ ಸೂರಿನ ಬಿಸಿ ಕೆಳಗೆ ಬರಬಾರದು. ನೆಲಕ್ಕೆ ಹಾಸಿದ್ರೆ ಅಡುಗೆಮನೆ ತಣ್ಣಗಾಗುತ್ತೆ, ಗೊಂಬೆ ಬೇಯುತ್ತೆ. ನಮ್ಮ ಮಲೆನಾಡಲ್ಲಿ ಮುಚ್ಚಿಗೆ ಮೇಲೆ ಮಣ್ಣು ಹಾಕ್ತಿದ್ದದ್ದೂ ಕೆಳಗಿನ ಕೋಣೆಗೇ. ಆ ಭಾರ ಈ ತೊಲೆ ತಡೆಯಲ್ಲ ಬಿಡಿ."

ಹೆಂಚಿನ ಒಳಮೈ ಮುಟ್ಟಿ ತಟ್ಟನೆ ಕೈ ಎಳೆದುಕೊಳ್ಳುತ್ತೇನೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಮಾಡಿದ ಹೆಂಚಿನ ಜಾತಿಯೇ ಇದು. ಮಳೆಗೆ ಹೇಳಿ ಮಾಡಿಸಿದ್ದು. ಆದರೆ 2016ರ ಏಪ್ರಿಲ್ 24ರಂದು ಬೆಂಗಳೂರು 39.2 ಡಿಗ್ರಿ ಕಂಡಿತು. ಅಂಥ ಬಿಸಿಲಿಗೆ ಒಂದು ಪದರ ಸುಟ್ಟ ಮಣ್ಣು ಸಾಲದು.

ಮಾರನೆಯ ದಿನ ಬೆಳಗ್ಗೆ ಆರಕ್ಕೇ ಕೆಲಸ. ಬೆಳ್ಳಿಹಾಳೆ ಅಂಟಿಸಿದ ಫೋಮಿನ ಸುರುಳಿಯನ್ನು ಇಳಿಜಾರು ತೊಲೆಗಳ ಅಡಿಗೆ ಬಿಗಿಯುತ್ತೇವೆ, ಹೊಳೆಯುವ ಮೈ ಹೆಂಚಿನ ಕಡೆಗೆ. ತೊಲೆಯ ದಪ್ಪದಷ್ಟು ಗಾಳಿ ನಡುವೆ ಉಳಿಯಬೇಕು; ಹೆಂಚಿಗೇ ಅಂಟಿಸಿದರೆ ಹೊಳಪು ಇದ್ದೂ ಇಲ್ಲದಂತೆ. ನೆತ್ತಿಯಲ್ಲಿ, ಸೂರಿನಂಚಿನಲ್ಲಿ ಒಂದೊಂದು ಗೇಣು ಬಿಡುತ್ತಾರೆ. "ಬಿಸಿಗಾಳಿ ಮೇಲಿಂದ ಹೋಗಲಿ. ಹೆಂಚು ಸೋರಿದರೆ ನೀರು ಕೆಳಗಿಂದ ಹೋಗಲಿ."

ಆಮೇಲೆ ನೆಲ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಿಂದ ತಂದ ಪ್ಲೈವುಡ್ಡು, ಎಂಟಡಿಗೆ ನಾಲ್ಕಡಿ, 18 ಮಿಲಿಮೀಟರ್ ದಪ್ಪ, ಮೂರು ಹಾಳೆ. ಕಿಂಡಿಯ ಅಗಲವೇ ಎರಡೂವರೆ ಅಡಿ! ಅಂಗಳದಲ್ಲೇ ಎರಡಡಿಗೆ ನಾಲ್ಕಡಿಯಂತೆ ಹನ್ನೆರಡು ತುಂಡಾಗುತ್ತವೆ. ಪ್ರತಿ ಕೂಡುಗೆರೆಯೂ ತೊಲೆಯ ಮೇಲೆಯೇ ಬೀಳಬೇಕು. ಮಳೆಗಾಲದಲ್ಲಿ ಉಬ್ಬುತ್ತದೆಂದು ತುಂಡುಗಳ ನಡುವೆ ನಾಣ್ಯ ತೂರುವಷ್ಟು ಸಂದಿ. ಮೊಳೆ ಹೊಡೆದರೆ ಅದುರಿ ಹೆಂಚು ಜರುಗೀತೆಂದು ಎಲ್ಲಕ್ಕೂ ಸ್ಕ್ರೂ. ಡ್ರಿಲ್ಲು ನಿಂತಾಗ ದೂರದಲ್ಲಿ ಮೆಟ್ರೊ ಸರಿದ ಸದ್ದು ಕೇಳುತ್ತದೆ.

ಸಂಜೆ ಹೊಸ ನೆಲದ ಮೇಲೆ ಮೊದಲ ಸಲ ಮಂಡಿಯೂರಿ ಕೂರುತ್ತೇನೆ. ಅಲುಗಾಡುವುದಿಲ್ಲ. "ಪೆಟ್ಟಿಗೆ ಕೊಡಮ್ಮ."

ಏಣಿಯ ಬುಡದಿಂದ ಚಾಚಿದ ಅಮ್ಮನ ಕೈಯಲ್ಲಿ ಪೆಟ್ಟಿಗೆ ಇಲ್ಲ. ಹೊಸ ಮೇಣದಬತ್ತಿ ಇದೆ.

"ಮೊದಲು ಇದನ್ನ ನಿಲ್ಲಿಸಿ ಬಾ."

ಮೂರು ದಿನ ಅದೇ ಸುಡುಬಿಸಿಲು. ನಾಲ್ಕನೆಯ ದಿನ ಎರಡು ಗಂಟೆಗೆ ಏಣಿ ಹತ್ತುತ್ತೇನೆ. ಸೆಖೆ ಇದೆ, ಝಳವಿಲ್ಲ. ಮೇಣದಬತ್ತಿಯ ತುದಿ ಒಂದಿಷ್ಟೇ ವಾಲಿದಂತಿದೆಯೇ? ಬೆರಳಿಟ್ಟು ನೋಡುತ್ತೇನೆ. ಇಲ್ಲ, ವಾಲಿದ್ದು ಬತ್ತಿಯ ದಾರ ಮಾತ್ರ. ಕೆಳಗೆ ಮಂಚದಡಿಯಿಂದ ಪೆಟ್ಟಿಗೆ ಎಳೆಯುವ ಸದ್ದು.